‘ನರ ಸಿಗ್ತಿಲ್ಲ’ ಅಂದರೆ ಏನು?

ರಾತ್ರಿ ಊಟವಾದ ಮೇಲೆ ಅಮ್ಮ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂಬ ಮಾತನ್ನು ನಿರ್ಜಲ ಏಕಾದಶಿಯಷ್ಟು ನಿಷ್ಠೆಯಿಂದ ಪಾಲಿಸಿದ್ದಳು. ಬೆಳಿಗ್ಗೆ ಎಡಗೈಗೆ ಎರಡು ಸಲ, ಬಲಗೈಗೆ ಒಂದು ಸಲ ಸೂಜಿ ಚುಚ್ಚಿದರೂ ಟ್ಯೂಬಿಗೆ ಬಿದ್ದದ್ದು ನಾಲ್ಕಾರು ಹನಿ. ‘ನಿಮಗೆ ನರಾನೇ ಸಿಗಲ್ಲ ಅಮ್ಮಾ’ ಎಂದಳು ಲ್ಯಾಬಿನ ಹುಡುಗಿ. ಅಮ್ಮ ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ‘ಮೈಯಲ್ಲಿ ರಕ್ತವೇ ಇಲ್ಲವೇನೋ’ ಎಂದು ದಾರಿಯುದ್ದಕ್ಕೂ ಹಲುಬಿದಳು.

ಆ ಭಯಕ್ಕೆ ಆಧಾರವಿಲ್ಲ. ರಕ್ತಹೀನತೆ ಎಂದರೆ ಹಿಮೋಗ್ಲೋಬಿನ್ ಕಡಿಮೆ ಎಂದಷ್ಟೇ. ಅಂಥ ರಕ್ತ ತೆಳುವಾಗಿಯೇ ಇರುತ್ತದೆ, ಹರಿಯಲು ಅಡ್ಡಿಯಿಲ್ಲ. ತೊಡಕಿರುವುದು ನಾಳದಲ್ಲಿ. ನಾವು ಮಾತಿನಲ್ಲಿ ನರ ಎನ್ನುವುದು ನಿಜಕ್ಕೂ ಸಿರೆ, ರಕ್ತವನ್ನು ಹೃದಯಕ್ಕೆ ಮರಳಿಸುವ ತೆಳು ಗೋಡೆಯ ನಾಳ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಅದು ನೀರು ಬಿಡದ ತೋಟದ ಪೈಪಿನಂತೆ ಚಪ್ಪಟೆಯಾಗುತ್ತದೆ. ಚಳಿಗೂ ಹೆದರಿಕೆಗೂ ಸಂಕುಚಿಸುತ್ತದೆ. ವಯಸ್ಸಾದವರಲ್ಲಿ ಸುತ್ತಲಿನ ಹಿಡಿತ ಸಡಿಲವಾಗಿ, ಸೂಜಿ ತಾಗುತ್ತಲೇ ಪಕ್ಕಕ್ಕೆ ಜಾರುತ್ತದೆ. ಕೀಮೋಥೆರಪಿ ಪಡೆದವರ ಸಿರೆಗಳು ಗಟ್ಟಿಯಾಗಿರುವುದುಂಟು.

ನಾಳ ಕಿರಿದಾದರೆ ಹರಿವು ಎಷ್ಟು ಕುಸಿಯುತ್ತದೆ ಎಂಬುದನ್ನು ಫ್ರಾನ್ಸಿನ ವೈದ್ಯ ಪ್ವಾಸೆಯ್ 19ನೇ ಶತಮಾನದಲ್ಲೇ ಕಂಡುಕೊಂಡ. ಒತ್ತಡ ಅಷ್ಟೇ ಇದ್ದು ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧಕ್ಕಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಸೂಜಿಗೂ ಇದೇ ಲೆಕ್ಕ. ಸಣ್ಣ ಸೂಜಿ ಹಾಕಿದರೆ ನೋವು ಕಡಿಮೆ, ಹೊತ್ತು ಜಾಸ್ತಿ. ಗಾಳಿ ತೆಗೆದ ಟ್ಯೂಬಿನ ಸೆಳೆತ ಜೋರಾದರೆ ಬಡಕಲು ಸಿರೆ ಕುಸಿದು ಸೂಜಿಯ ಬಾಯಿಗೆ ಅಂಟಿಕೊಳ್ಳುತ್ತದೆ. ಆಗ ಸಿರಿಂಜಿನಿಂದ ನಿಧಾನಕ್ಕೆ ಎಳೆಯುವುದೇ ಮೇಲು.

ತೋಳಿಗೆ ಬಿಗಿಯುವ ಪಟ್ಟಿಯದೂ ಒಂದು ಹದ. ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೀಗೆಯೇ ಪಟ್ಟಿ ಕಟ್ಟಿದ ತೋಳಿನ ಚಿತ್ರಗಳಿವೆ. ಉಬ್ಬಿದ ಸಿರೆಯಲ್ಲಿ ಗಂಟುಗಂಟಾಗಿ ಕಾಣುವುದು ಕವಾಟಗಳು ಎಂದು ಆತ ತೋರಿಸಿದ. ಸೂಜಿ ಆ ಕವಾಟಕ್ಕೆ ತಗುಲಿದರೂ ರಕ್ತ ನಿಲ್ಲಬಹುದು. ಪಟ್ಟಿ ಹಿಂದಿರುಗುವ ರಕ್ತವನ್ನು ತಡೆಯಬೇಕು, ಬರುವ ರಕ್ತವನ್ನಲ್ಲ. ಅತಿಯಾಗಿ ಬಿಗಿದರೆ ಧಮನಿಯೂ ಮುಚ್ಚಿ ಸಿರೆ ತುಂಬುವುದೇ ಇಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಕಟ್ಟಿಡಬಾರದು. ಮುಷ್ಟಿಯನ್ನು ಮತ್ತೆ ಮತ್ತೆ ಬಿಚ್ಚಿ ಮುಚ್ಚಿದರೆ ಪೊಟ್ಯಾಸಿಯಂ ಸುಳ್ಳೇ ಏರಿ ಕಾಣುತ್ತದೆ. ತೊಟ್ಟಿಕ್ಕುತ್ತಾ ಬಂದ ರಕ್ತ, ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲೂ ಹೆಪ್ಪುಗಟ್ಟಿದರೆ ಪ್ಲೇಟ್‌ಲೆಟ್ ಎಣಿಕೆ ತಪ್ಪುತ್ತದೆ. ಹಾಗಾಗಿಯೇ ‘ಸ್ಯಾಂಪಲ್ ಸರಿಯಿಲ್ಲ, ಇನ್ನೊಮ್ಮೆ ಬನ್ನಿ’ ಎಂಬ ಫೋನ್ ಬರುವುದು.

ನನಗೆ ಸಂಕಟವಾಗುವುದು ಒಂದೇ ವಿಷಯಕ್ಕೆ. ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೆ ಉಪವಾಸವಿರುವಾಗ ಬರೀ ನೀರು ಕುಡಿಯಬಹುದು. ನೀರಿನ ಮಿತಿ ಹೇಳಿರುವ ಕಿಡ್ನಿ, ಹೃದಯದ ರೋಗಿಗಳು ಮಾತ್ರ ವೈದ್ಯರ ಮಾತು ಮೀರಬಾರದು. ‘ನೀರು ಕುಡಿಯಬಹುದು’ ಎಂಬ ಒಂದು ವಾಕ್ಯವನ್ನು ಚೀಟಿ ಕೊಡುವಾಗಲೇ ಹೇಳಿದ್ದರೆ ಎಷ್ಟು ಮುದಿ ಕೈಗಳು ಚುಚ್ಚಿಸಿಕೊಳ್ಳುವುದು ತಪ್ಪುತ್ತಿತ್ತು!

ಮುಂದಿನ ಸಲ ಅಮ್ಮ ಎದ್ದ ಕೂಡಲೇ ಎರಡು ಲೋಟ ನೀರು ಕುಡಿದಳು. ಕಾರಿನಲ್ಲಿ ಶಾಲಿನೊಳಗೆ ಕೈ ಬೆಚ್ಚಗಿಟ್ಟುಕೊಂಡು, ಲ್ಯಾಬಿನಲ್ಲಿ ತೋಳನ್ನು ಸ್ವಲ್ಪ ಹೊತ್ತು ಕೆಳಕ್ಕೆ ಇಳಿಬಿಟ್ಟು ಕೂತಳು. ಮೊದಲ ಚುಚ್ಚಿಗೇ ಟ್ಯೂಬ್ ತುಂಬಿತು. ‘ಆಯ್ತಾ?’ ಎಂದು ಎರಡು ಸಲ ಕೇಳಿದಳು.