ಒಣದ್ರಾಕ್ಷಿಯ ಕಹಿ

ಒಣದ್ರಾಕ್ಷಿ ಎಂದರೆ ನಮಗೆಲ್ಲ ಪಾಯಸದ ಸಿಹಿ. ಇಟಲಿಯ ವೆರೋನಾ ಬಳಿಯ ವಾಲ್ಪೊಲಿಚೆಲ್ಲಾದವರು ಮಾತ್ರ ಒಣಗಿಸಿದ ದ್ರಾಕ್ಷಿಯಿಂದ ಸಿಹಿಯಿಲ್ಲದ ಕೆಂಪು ವೈನ್ ಮಾಡುತ್ತಾರೆ. ಹೆಸರು ಅಮರೋನೆ, ಅಲ್ಲಿಯ ಭಾಷೆಯಲ್ಲಿ 'ಅಮಾರೊ' ಎಂದರೆ ಕಹಿ. ಕೊರ್ವಿನಾ ಮುಂತಾದ ದ್ರಾಕ್ಷಿಯ ಗೊಂಚಲುಗಳನ್ನು ಗಾಳಿಯಾಡುವ ಕೋಣೆಗಳಲ್ಲಿ ಮೂರು-ನಾಲ್ಕು ತಿಂಗಳು ಹರವಿಡುತ್ತಾರೆ. ನೀರು ಆರಿ, ತೂಕ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಉಳಿದ ಸಕ್ಕರೆಯನ್ನು ಯೀಸ್ಟ್ ಬಹುಮಟ್ಟಿಗೆ ತಿಂದು ಮುಗಿಸುತ್ತದೆ. ಆಲ್ಕೋಹಾಲ್ ಕನಿಷ್ಠ ಶೇ. 14!

ಈಚೆಗೆ ಗೆಳೆಯರ ಮನೆಯಲ್ಲಿ 2008ರ ಬಾಟಲಿ ತೆರೆದೆವು. ಇಷ್ಟು ವರ್ಷ ಕಾದದ್ದು ಸಾರ್ಥಕವೇ? ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ, ಮೂಗಿಗೆ ಖರ್ಜೂರ ಮತ್ತು ಹೊಗೆಸೊಪ್ಪಿನ ವಾಸನೆ. ಒಗರು ಮೆತ್ತಗಾಗಿತ್ತು. ಮೊದಲು ಹಣ್ಣು, ಕೊನೆಗೆ ಕೋಕೋದಂಥ ಹಿತವಾದ ಕಹಿ. ಸಾರ್ಥಕವೇ ಸರಿ! ಬೇವು-ಬೆಲ್ಲ ತಿಂದು ಬೆಳೆದ ನಾಲಿಗೆಗೆ ಇದು ಪರಕೀಯವೆನಿಸಲಿಲ್ಲ. ರುಚಿ ನೋಡುವವರು ಕಾರಿನ ಕೀಲಿಯನ್ನು ಮಾತ್ರ ಕುಡಿಯದವರ ಕೈಗೆ ಕೊಡಿ.