ಗ್ಯಾರಂಟಿ, ವಾರಂಟಿ ಮತ್ತು ನಮ್ಮ ಬಿಲ್ ಪುಸ್ತಕ

ಅಣ್ಣಿಗೇರಿಯಂತಹ ಊರುಗಳಲ್ಲಿ ಪಂಪ್‌ಸೆಟ್ಟು, ಔಷಧಿ ಸಿಂಪಡಿಸುವ ಯಂತ್ರ, ಬ್ಯಾಟರಿ ಕೊಳ್ಳಲು ಬಂದ ಗಿರಾಕಿಯ ಮೊದಲ ಪ್ರಶ್ನೆ: “ಗ್ಯಾರಂಟಿ ಎಷ್ಟು ವರ್ಷರೀ?” ವ್ಯಾಪಾರಿಯೂ ಬಿಲ್ಲಿನ ಮೇಲೆ ‘ಒಂದು ವರ್ಷ ಗ್ಯಾರಂಟಿ’ ಎಂದು ಬರೆದುಕೊಡುತ್ತಾನೆ. ಆದರೆ ತಯಾರಕರ ಕಾರ್ಡಿನಲ್ಲಿ ಸಾಮಾನ್ಯವಾಗಿ ಮುದ್ರಿತವಾಗಿರುವ ಪದ ‘ವಾರಂಟಿ’. ಸರಕು ಕೆಟ್ಟಾಗ ಗಿರಾಕಿ ಬದಲಿ ಕೇಳುತ್ತಾನೆ, ತಯಾರಕರು ದುರಸ್ತಿಗಷ್ಟೇ ಒಪ್ಪುತ್ತಾರೆ. ಇವೆರಡರ ನಡುವಿನ ಅಂತರ ವ್ಯಾಪಾರಿಯ ಗಲ್ಲೆಯ ಮೇಲೆ ಬೀಳುತ್ತದೆ.

ಈ ಎರಡು ಪದಗಳು ಒಂದೇ ಬೇರಿನವು. ಉತ್ತರ ಫ್ರಾನ್ಸಿನ ಹಳೆಯ ನುಡಿಯಲ್ಲಿ ‘ವ’ಕಾರವಾಗಿ ಉಳಿದದ್ದು ಮಧ್ಯಭಾಗದಲ್ಲಿ ‘ಗ’ಕಾರವಾಯಿತು. ಇಂಗ್ಲಿಷ್ ಎರಡು ರೂಪಗಳನ್ನೂ ಸ್ವೀಕರಿಸಿತು. ‘ವಾರ್ಡನ್’, ‘ಗಾರ್ಡಿಯನ್’ ಪದಗಳದೂ ಇದೇ ಕಥೆ.

ಕಾನೂನಿನಲ್ಲಿ ಮಾತ್ರ ಇವುಗಳ ಹಾದಿ ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 126ನೆಯ ಕಲಮಿನ ಪ್ರಕಾರ ಗ್ಯಾರಂಟಿ ಎಂದರೆ ನಾವು ಹೇಳುವ ಜಾಮೀನು. ಅಲ್ಲಿ ಸಾಲ ಕೊಟ್ಟವನು, ಸಾಲಗಾರ, ಜಾಮೀನುದಾರ ಎಂಬ ಮೂವರಿರುತ್ತಾರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 128ನೆಯ ಕಲಮು ಹೇಳುತ್ತದೆ. ಪರಿಚಯದವರ ಬ್ಯಾಂಕ್ ಸಾಲಕ್ಕೆ ಸಹಿ ಹಾಕುವ ಮುನ್ನ ಇದನ್ನು ನೆನೆಯಬೇಕು.

ವಾರಂಟಿಯ ವಿಚಾರ 1930ರ ಸರಕು ಮಾರಾಟ ಕಾಯ್ದೆಯ 12ನೆಯ ಕಲಮಿನಲ್ಲಿದೆ. ಅದು ಮಾರಾಟದ ಮುಖ್ಯ ಉದ್ದೇಶಕ್ಕೆ ಪೂರಕವಾದ ಮಾತು. ಅದು ತಪ್ಪಿದರೆ ಕೊಂಡವನು ನಷ್ಟಪರಿಹಾರ ಕೇಳಬಹುದು, ಸರಕನ್ನು ತಿರಸ್ಕರಿಸುವಂತಿಲ್ಲ. ಮೂಲಭೂತ ಷರತ್ತು ತಪ್ಪಿದರೆ ತಿರಸ್ಕರಿಸಬಹುದು. ಕಡಲೆಯ ಮಾದರಿ ತೋರಿಸಿ ಮಾರಿದಾಗ ಇಡೀ ಮಾಲು ಆ ಮಾದರಿಯಂತೆಯೇ ಇರಬೇಕೆಂಬುದು 17ನೆಯ ಕಲಮಿನ ಪ್ರಕಾರ ಇಂತಹ ಷರತ್ತು. ಅದನ್ನು ಬರೆದಿಡದಿದ್ದರೂ ಅದು ಅನ್ವಯಿಸುತ್ತದೆ.

‘ಗ್ಯಾರಂಟಿ ಎಂದರೆ ಬದಲಿ, ವಾರಂಟಿ ಎಂದರೆ ದುರಸ್ತಿ’ ಎಂಬುದು ಪೇಟೆಯ ರೂಢಿಯೇ ಹೊರತು ಈ ಕಾಯ್ದೆಗಳ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎರಡನ್ನೂ ಒಟ್ಟಿಗೇ ಹೆಸರಿಸಿ, ಸರಿಯಾದ ಪರೀಕ್ಷೆಯಿಲ್ಲದೆ ಬಾಳಿಕೆಯ ಭರವಸೆ ಕೊಡುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಸ್ಪಷ್ಟವಾಗಿ ಕೊಟ್ಟ ವಾರಂಟಿಗೆ ಸರಕು ಹೊಂದದೆ ಗ್ರಾಹಕನಿಗೆ ಹಾನಿಯಾದರೆ, ತನ್ನ ಅಲಕ್ಷ್ಯವಿರಲಿಲ್ಲವೆಂದು ತೋರಿಸಿದರೂ ತಯಾರಕ ಪಾರಾಗಲಾರ. ಸಣ್ಣ ಕೈಗಾರಿಕೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆದ್ದರಿಂದ ಬಿಲ್ಲಿನ ಮೇಲೆ ಬರಿಯ ಪದ ಬರೆದರೆ ಸಾಲದು. ಯಾವ ಭಾಗಕ್ಕೆ, ಯಾವ ದಿನಾಂಕದವರೆಗೆ, ಬದಲಿಯೋ ದುರಸ್ತಿಯೋ, ಸಾಗಣೆ ಮತ್ತು ಕೂಲಿ ಯಾರದು, ಹೊಣೆ ಅಂಗಡಿಯದೋ ತಯಾರಕರದೋ ಎಂಬ ಐದು ಸಂಗತಿಗಳನ್ನು ಗಿರಾಕಿ ಓದಬಲ್ಲ ಕನ್ನಡದಲ್ಲಿ ಮುದ್ರಿಸಿರಿ. ಕೊಟ್ಟ ಮಾತು ಎಷ್ಟೆಂಬುದು ಇಬ್ಬರಿಗೂ ಮೊದಲೇ ತಿಳಿದಿದ್ದರೆ ಗಿರಾಕಿಯೂ ಉಳಿಯುತ್ತಾನೆ, ಗಲ್ಲೆಯೂ ಉಳಿಯುತ್ತದೆ.