ಪಾಠ ಇಳಿಯುತ್ತದೆ, ಉತ್ತರ ಏರುವುದಿಲ್ಲ

2021ರ ಮಳೆಗಾಲದಲ್ಲಿ ಗುಡ್ಡಗಾಡಿನ ಸುಳ್ಯದ ಕಡೆಯ ಮಕ್ಕಳು ಕೊಡೆ ಹಿಡಿದು, ಸಿಗ್ನಲ್ ಸಿಗುವ ಜಾಗ ಹುಡುಕಿ ಆನ್‌ಲೈನ್ ಪಾಠ ಕೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೊಬೈಲ್ ತರಂಗಗಳು ಗುಡ್ಡವನ್ನು ತೂರಿ ಬರಲಾರವು, ಬಳಸಿ ಬರುವುದೂ ಕಷ್ಟ. ಇಷ್ಟು ಎಲ್ಲರಿಗೂ ಗೊತ್ತು. ಸಿಗ್ನಲ್ ಸಿಕ್ಕ ಮೇಲೂ ಉಳಿಯುವ ಇನ್ನೊಂದು ತೊಡಕಿನ ಬಗ್ಗೆ ಮಾತು ಕಡಿಮೆ.

ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಸಂಕೇತ ಕಳಿಸುತ್ತದೆ. 4ಜಿ ಫೋನಿನ ಶಕ್ತಿ ಹೆಚ್ಚೆಂದರೆ ಸುಮಾರು 0.2 ವಾಟ್. ಹಾಗಾಗಿ ಟವರಿನ ವ್ಯಾಪ್ತಿಯ ಅಂಚಿನಲ್ಲಿರುವವರಿಗೆ ಪಾಠವೇನೋ ಕೇಳಿಸುತ್ತದೆ. ಅವರ ಉತ್ತರ ಟವರಿಗೆ ಮುಟ್ಟಲು ಹೆಣಗಾಡುತ್ತದೆ. ವಿಡಿಯೊ ಹೇಗೋ ಹೊಂದಿಕೊಳ್ಳುತ್ತದೆ: ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುವ ಅದು, ವೇಗ ಕುಸಿದರೆ ಮಸುಕಾದ ಚಿತ್ರಕ್ಕೆ ಇಳಿಯುತ್ತದೆ. ಸೆಕೆಂಡಿಗೆ 300 ಕಿಲೋಬಿಟ್ ಸಿಕ್ಕರೂ ಸಾಕು, ಗಂಟೆಗೆ 135 ಎಂಬಿ. ಉತ್ತರ ಪತ್ರಿಕೆಗೆ ಆ ಅನುಕೂಲವಿಲ್ಲ. ತಲಾ 3 ಎಂಬಿಯ ಹತ್ತು ಫೋಟೊ ಎಂದರೆ 30 ಎಂಬಿ; ಸೆಕೆಂಡಿಗೆ 100 ಕಿಲೋಬಿಟ್ ವೇಗದಲ್ಲಿ ಅದು ಹೋಗಿ ಸೇರಲು 40 ನಿಮಿಷ ಬೇಕು. 38ನೇ ನಿಮಿಷದಲ್ಲಿ ಲೈನ್ ಕಡಿದರೆ ಎಷ್ಟೋ ಪೋರ್ಟಲ್‌ಗಳಲ್ಲಿ ಮತ್ತೆ ಮೊದಲಿಂದ ಶುರು. ಸಿಗ್ನಲ್ ದುರ್ಬಲವಾದಷ್ಟೂ ಫೋನು ಜೋರಾಗಿ ಕೂಗಬೇಕು, ಬ್ಯಾಟರಿಯೂ ಬೇಗ ಖಾಲಿ.

ಕೋರ್ಸಿಗೆ ಎಷ್ಟು ಜನ ಹೆಸರು ನೋಂದಾಯಿಸಿದರು ಎಂದಷ್ಟೇ ಎಣಿಸಿದರೆ ಇದು ಯಾವುದೂ ಕಾಣುವುದಿಲ್ಲ. ಸೇರಿದವರು ಯಾರು, ಮುಗಿಸಿದವರು ಯಾರು ಎಂದೂ ನೋಡಬೇಕು. ಹಾರ್ವರ್ಡ್ ಮತ್ತು ಎಂಐಟಿಗಳ 68 ಆನ್‌ಲೈನ್ ಕೋರ್ಸ್‌ಗಳ ಅಮೆರಿಕದ ವಿದ್ಯಾರ್ಥಿಗಳ ಕುರಿತು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಸೇರಿದವರು ಹೆಚ್ಚಾಗಿ ಉಳ್ಳವರ ಬಡಾವಣೆಗಳವರು. ಹದಿಹರೆಯದವರಲ್ಲಿ ಪ್ರಮಾಣಪತ್ರದವರೆಗೆ ಮುಟ್ಟುವ ಸಾಧ್ಯತೆಯೂ ಓದಿದ ತಂದೆತಾಯಿಯ ಮಕ್ಕಳಿಗೇ ಹೆಚ್ಚು. ಹಣ ಕೇಳದ ಬಾಗಿಲೂ ಎಲ್ಲರಿಗೂ ಒಂದೇ ಎತ್ತರದಲ್ಲಿಲ್ಲ. ನಮ್ಮಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್ ಶುರುವಾದದ್ದು 2017ರಲ್ಲಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್ನೆಟ್ ಸೌಲಭ್ಯವಿದ್ದದ್ದು ಗ್ರಾಮೀಣ ಕುಟುಂಬಗಳಲ್ಲಿ ಸುಮಾರು 15%, ನಗರಗಳಲ್ಲಿ 42%. ಜೊತೆಗೇ ಬಂದ ಸ್ವಯಂ ಪ್ರಭಾ ಡಿಟಿಎಚ್ ವಾಹಿನಿಗಳು ಉಪಗ್ರಹದಿಂದ ಡಿಶ್ ಇರುವ ಯಾವ ಮನೆಗೂ ಇಳಿಯಬಲ್ಲವು. ಒಳ್ಳೆಯದೇ, ಆದರೆ ಡಿಶ್ ಆಂಟೆನಾಕ್ಕೆ ಬಾಯಿಲ್ಲ.

ನನ್ನನ್ನು ಕೇಳಿದರೆ, ಪಾಠದ ವಿಡಿಯೊ ಚಂದಗಾಣಿಸಲು ಪಡುವ ಶ್ರಮದಲ್ಲಿ ಕಾಲುಭಾಗವನ್ನಾದರೂ ಉತ್ತರ ಪಡೆಯುವ ದಾರಿಗೆ ಹಾಕಬೇಕು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹಿಡಿದರೂ, ಟೈಪ್ ಮಾಡಿದ 300 ಪದಗಳ ಉತ್ತರ ಹತ್ತು ಕೆಬಿ ದಾಟುವುದು ಅಪರೂಪ. ಅದೇ ನಿಧಾನದ ಲೈನಿನಲ್ಲಿ ಒಂದು ಸೆಕೆಂಡೂ ಬೇಡ. ಗಣಿತ, ಚಿತ್ರಗಳನ್ನು ಟೈಪ್ ಮಾಡುವುದು ಕಷ್ಟ, ನಿಜ. ಅವುಗಳ ಫೋಟೊವನ್ನು ಫೋನಿನಲ್ಲೇ ಕಪ್ಪು-ಬಿಳುಪಿಗೆ ತಿರುಗಿಸಿ 100 ಕೆಬಿಗೆ ಕುಗ್ಗಿಸಿದರೆ ಪುಟಕ್ಕೆ ಎಂಟು ಸೆಕೆಂಡು. ಕಡಿದಲ್ಲಿಂದಲೇ ಮುಂದುವರಿಯುವ ಅಪ್‌ಲೋಡ್ ತಂತ್ರವೂ ಹಳೆಯದೇ.